ಹಡಗು ಹತ್ತಿದ ಆನಂದಿಬಾಯಿ

ಈ ಸಲ ನಾನು ಡಾಕ್ಟರ್ ಆನಂದಿಬಾಯಿ ಜೋಶಿ ಅವರ ಬಗ್ಗೆ ಬರೆದಿದ್ದೇನೆ.

ಇವರು ಹುಟ್ಟಿದ್ದು 1865ರ ಮಾರ್ಚ್ 31ರಂದು, ಮುಂಬಯಿ ಹತ್ತಿರದ ಕಲ್ಯಾಣದಲ್ಲಿ. 9ನೇ ವಯಸ್ಸಿಗೇ ಮದುವೆ ಆಯ್ತು. ಗಂಡ ಗೋಪಾಲರಾವ್ ಅಂಚೆ ಇಲಾಖೆ ಗುಮಾಸ್ತರು. ಅವರೇ ಹೆಂಡತಿಗೆ ಓದು ಕಲಿಸಿದರು. 14ನೇ ವಯಸ್ಸಿನಲ್ಲಿ ಹುಟ್ಟಿದ ಗಂಡುಮಗು ಹತ್ತೇ ದಿನಕ್ಕೆ ತೀರಿಕೊಂಡಿತು. ಆಗ ಹೆಂಗಸರನ್ನು ನೋಡೋಕೆ ಲೇಡಿ ಡಾಕ್ಟರ್ ಸಿಗುತ್ತಿರಲಿಲ್ಲ. ತಾನೇ ಡಾಕ್ಟರ್ ಆಗಬೇಕು ಅಂತ ಆನಂದಿಬಾಯಿ ನಿಶ್ಚಯಿಸಿದರು.

ಅಮೇರಿಕಕ್ಕೆ ಹೊರಡೋದು ಸುಲಭ ಇರಲಿಲ್ಲ. ಸಮುದ್ರ ದಾಟಿದರೆ ಜಾತಿ ಕೆಡುತ್ತೆ ಅಂತ ಜನ ವಿರೋಧಿಸಿದರು. ಅಲ್ಲಿನ ಕಾರ್ಪೆಂಟರ್ ಎಂಬ ಮಹಿಳೆ ಮಾತ್ರ ಕಾಗದ ಬರೆದು, ತಮ್ಮ ಮನೆಯಲ್ಲೇ ಉಳಿಯಲು ಕರೆದರು. 1883ರ ಫೆಬ್ರವರಿಯಲ್ಲಿ ಬಂಗಾಳದ ಸೆರಾಂಪೂರ್ ಕಾಲೇಜಿನ ಸಭೆಯಲ್ಲಿ ಆನಂದಿಬಾಯಿ ಎದ್ದು ನಿಂತು, ತಾನು ಯಾಕೆ ಹೋಗುತ್ತಿದ್ದೇನೆ ಅಂತ ಧೈರ್ಯವಾಗಿ ವಿವರಿಸಿದರು. ಹಣಕ್ಕಾಗಿ ಒಡವೆ ಮಾರಿದರು. ಸೀರೆ ಬಿಡೋದಿಲ್ಲ, ಮಾಂಸ ತಿನ್ನೋದಿಲ್ಲ, ಧರ್ಮ ಬದಲಿಸೋದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿಕೊಂಡರು. ಏಪ್ರಿಲ್ 7ರಂದು ಕಲ್ಕತ್ತಾದಲ್ಲಿ ಹಡಗು ಹತ್ತಿದರು. ಗಂಡ ಜೊತೆಗಿರಲಿಲ್ಲ. ವಯಸ್ಸು ಬರೀ 18.

1886ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯ ಕಾಲೇಜಿನಲ್ಲಿ ಪದವಿ ಪಡೆದರು. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಕೆಲಸವೂ ಕಾದಿತ್ತು. ಆದರೆ ಕ್ಷಯರೋಗ ಬಿಡಲಿಲ್ಲ. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡರು. ಆಗ 22 ವರ್ಷವೂ ತುಂಬಿರಲಿಲ್ಲ.

ಹೈಸ್ಕೂಲು ದೂರ, ಬಸ್ಸಿನಲ್ಲಿ ಹೋಗಬೇಕು ಅಂತ ನಮ್ಮೂರಲ್ಲಿ ಕೆಲವು ಹುಡುಗಿಯರ ಓದು ಬಿಡಿಸ್ತಾರೆ. ಅಂಥ ಮನೆಗಳಲ್ಲಿ ನಾನು ಆನಂದಿಬಾಯಿಯವರ ವಿಷಯ ಹೇಳುತ್ತೇನೆ. ನೀವೂ ಹೇಳಿ.