ಅದಿರು ಹುಡುಕಿದ ಬೋಸ್, ಬೆಳ್ಳಿತೆರೆ ಬೆಳಗಿದ ಕುಡಿ

ಜಮ್‌ಶೆಡ್‌ಪುರ ಎಂದೊಡನೆ ನೆನಪಾಗುವುದು ಟಾಟಾ ಮನೆತನ. ಆದರೆ ಆ ಉಕ್ಕಿನ ನಗರಿ ಅಲ್ಲಿಯೇ ಏಕೆ ತಲೆಯೆತ್ತಿತು ಎಂದು ಹುಡುಕಹೊರಟರೆ ಎದುರಾಗುವುದು ಬಂಗಾಳಿ ಭೂವಿಜ್ಞಾನಿ ಪ್ರಮಥನಾಥ ಬೋಸರ ಹೆಸರು.

ಬೋಸರು ಹುಟ್ಟಿದ್ದು 1855ರ ಮೇ 12ರಂದು, ಬಂಗಾಳದ ಗೈಪುರ ಎಂಬ ಹಳ್ಳಿಯಲ್ಲಿ. 1874ರಲ್ಲಿ ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನ ಪಡೆದು ಲಂಡನ್ನಿಗೆ ತೆರಳಿದ ಅವರು, ಅಲ್ಲಿನ ವಿಶ್ವವಿದ್ಯಾಲಯದ ಪದವಿಯ ಬಳಿಕ ರಾಯಲ್ ಸ್ಕೂಲ್ ಆಫ್ ಮೈನ್ಸ್‌ನಲ್ಲಿ ವ್ಯಾಸಂಗ ಮಾಡಿದರು. 1880ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಉನ್ನತ ಹುದ್ದೆಗೆ ಸೇರಿದರು. ಬಿಳಿಯರದೇ ಕಾರುಬಾರಾಗಿದ್ದ ಇಲಾಖೆಯಲ್ಲಿ ಭಾರತೀಯನೊಬ್ಬನಿಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ.

ಮದುವೆಯ ಸಂಬಂಧವೂ ಹಿರಿದೇ. ಪತ್ನಿ ಕಮಲಾ, ಐಸಿಎಸ್ ಅಧಿಕಾರಿ ಹಾಗೂ ಇತಿಹಾಸಕಾರ ರಮೇಶಚಂದ್ರ ದತ್ತರ ಪುತ್ರಿ. ಭಾರತದ ಸಂಪತ್ತು ಬ್ರಿಟನ್ನಿಗೆ ಸೋರಿಹೋಗುತ್ತಿರುವ ಬಗೆಯನ್ನು ಅಂಕಿಅಂಶಗಳ ಸಮೇತ ಬರೆದ ಮಾವ ಒಂದೆಡೆ. ಆ ಸಂಪತ್ತು ನೆಲದಡಿ ಎಲ್ಲೆಲ್ಲಿದೆ ಎಂದು ಕಾಡುಮೇಡು ಅಲೆದು ಗುರುತಿಸಿದ ಅಳಿಯ ಇನ್ನೊಂದೆಡೆ.

ಮಧ್ಯಭಾರತದ ದುರ್ಗ್ ಸೀಮೆಯ ದಲ್ಲಿ-ರಾಜಹರಾ ಬೆಟ್ಟಗಳ ಕಬ್ಬಿಣದ ಅದಿರನ್ನು ಬೋಸರು 1887ರಲ್ಲೇ ಗುರುತಿಸಿದ್ದರು. ಆದರೂ ದುಡಿಮೆಗೆ ತಕ್ಕ ಮನ್ನಣೆ ದೊರೆಯಲಿಲ್ಲ. 1903ರಲ್ಲಿ ನಿರ್ದೇಶಕ ಹುದ್ದೆ ಸೇವೆಯಲ್ಲಿ ಹತ್ತು ವರ್ಷ ಕಿರಿಯರಾಗಿದ್ದ ಥಾಮಸ್ ಹಾಲೆಂಡರ ಪಾಲಾಯಿತು. ಬೋಸರು ಇಲಾಖೆಗೆ ವಿದಾಯ ಹೇಳಿದರು.

ಆ ಅವಮಾನವೇ ದೇಶದ ಕೈಗಾರಿಕೆಗೆ ವರವಾಯಿತು. ಮಯೂರಭಂಜ್ ಸಂಸ್ಥಾನದ ಭೂವಿಜ್ಞಾನಿಯಾದ ಬೋಸರು ಈಗಿನ ಒಡಿಶಾದ ಗೊರುಮಹಿಸಾನಿ ಬೆಟ್ಟದಲ್ಲಿ ಉತ್ತಮ ದರ್ಜೆಯ ಅದಿರಿನ ಭಾರೀ ನಿಕ್ಷೇಪವನ್ನು ಪತ್ತೆಹಚ್ಚಿದರು. ಅದೇ ಹೊತ್ತಿಗೆ ಟಾಟಾ ತಂಡ ದುರ್ಗ್ ಬೆಟ್ಟಗಳನ್ನು ಪರಿಶೀಲಿಸುತ್ತಿತ್ತು. ಅಲ್ಲಿ ಅದಿರು ಧಾರಾಳವಾಗಿದ್ದರೂ ಕಲ್ಲಿದ್ದಲು, ನೀರು ಸನಿಹದಲ್ಲಿರಲಿಲ್ಲ. 1904ರ ಫೆಬ್ರವರಿ 24ರಂದು ಬೋಸರು ಜಮ್‌ಶೆಟ್‌ಜಿ ಟಾಟಾ ಅವರಿಗೆ ಪತ್ರ ಬರೆದು ಮಯೂರಭಂಜದ ಅದಿರಿನತ್ತ ಗಮನ ಸೆಳೆದರು. ಝರಿಯಾ ಕಲ್ಲಿದ್ದಲು ಅಲ್ಲಿಗೆ ಹೆಚ್ಚು ದೂರವಿರಲಿಲ್ಲ. ಮೇ ತಿಂಗಳಲ್ಲಿ ಜಮ್‌ಶೆಟ್‌ಜಿ ಕಣ್ಮುಚ್ಚಿದರೂ ಅವರ ಪುತ್ರರು ಆ ಜಾಡನ್ನು ಬಿಡಲಿಲ್ಲ. 1907ರಲ್ಲಿ ಕಂಪನಿ ಸ್ಥಾಪನೆಯಾಯಿತು. ಸಾಕ್ಚಿ ಎಂಬ ಹಳ್ಳಿಯಲ್ಲಿ ಕಾರ್ಖಾನೆ ಎದ್ದು, 1911ರಲ್ಲಿ ಕಬ್ಬಿಣ, 1912ರಲ್ಲಿ ಉಕ್ಕು ಹೊರಬಂದವು. 1919ರಲ್ಲಿ ಸಾಕ್ಚಿ ಜಮ್‌ಶೆಡ್‌ಪುರವಾಯಿತು.

ಈ ನಡುವೆ, 1906ರಲ್ಲಿ ಆರಂಭವಾದ ಬಂಗಾಳ ತಾಂತ್ರಿಕ ಸಂಸ್ಥೆಗೆ ಬೋಸರು ಮೊದಲ ಗೌರವ ಪ್ರಾಂಶುಪಾಲರಾದರು. ಆ ಬೀಜವೇ ಬೆಳೆದು 1955ರಲ್ಲಿ ಜಾದವಪುರ ವಿಶ್ವವಿದ್ಯಾಲಯವಾಯಿತು.

ತಂದೆಯ ಹಾದಿ ಮಗನದಾಗಲಿಲ್ಲ. 1900ರಲ್ಲಿ ಹುಟ್ಟಿದ ಮಧು ಬೋಸ್ ಆರಿಸಿಕೊಂಡದ್ದು ರಂಗಭೂಮಿ ಮತ್ತು ಸಿನಿಮಾ. ಅವರು 1930ರಲ್ಲಿ ಕೈಹಿಡಿದ ಸಾಧನಾ, ಬ್ರಹ್ಮಸಮಾಜದ ನಾಯಕ ಕೇಶವಚಂದ್ರ ಸೇನರ ಮೊಮ್ಮಗಳು. ಸಾಧನಾರ ಸೋದರತ್ತೆ ಸುಚಾರುದೇವಿ ಮಯೂರಭಂಜದ ಮಹಾರಾಣಿ. ಮಾವ ಅದಿರು ಹುಡುಕಿದ ಸಂಸ್ಥಾನದ ಅರಮನೆ ಹೀಗೆ ಸೊಸೆಯ ಕಡೆಯಿಂದ ನೆಂಟಸ್ತನಕ್ಕೂ ಸೇರಿತು. 1937ರ ಬಂಗಾಳಿ ಚಿತ್ರ ಆಲಿಬಾಬಾದಲ್ಲಿ ಮರ್ಜಿನಾ ಪಾತ್ರ ವಹಿಸಿದ ಸಾಧನಾ ಮನೆಮಾತಾದರು, ನಿರ್ದೇಶನ ಪತಿಯದೇ. 1941ರ ರಾಜನರ್ತಕಿ ಬಂಗಾಳಿ, ಹಿಂದಿಯ ಜತೆಗೆ ಇಂಗ್ಲಿಷಿನಲ್ಲೂ ತಯಾರಾಯಿತು. ಮಧು 1969ರಲ್ಲಿ, ಸಾಧನಾ 1973ರಲ್ಲಿ ನಿಧನರಾದರು.

ಪ್ರಮಥನಾಥರು 1934ರಲ್ಲಿ ತೀರಿಕೊಂಡಾಗ ಅವರು ಮೊದಲು ಗುರುತಿಸಿದ್ದ ದಲ್ಲಿ-ರಾಜಹರಾದ ಅದಿರು ಇನ್ನೂ ದೊಡ್ಡ ಕುಲುಮೆ ಕಂಡಿರಲಿಲ್ಲ. ಅದಕ್ಕೂ ಕಾಲ ಕೂಡಿಬಂತು. 1959ರಲ್ಲಿ ಸ್ವತಂತ್ರ ಭಾರತದ ಭಿಲಾಯಿ ಉಕ್ಕು ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು ಆ ಬೆಟ್ಟಗಳ ಅದಿರನ್ನು ನೆಚ್ಚಿಕೊಂಡೇ. ಬಡ್ತಿ ನಿರಾಕರಿಸಿಕೊಂಡ ಒಬ್ಬ ಅಧಿಕಾರಿಯ ಕಾಲ್ನಡಿಗೆಯ ಫಲ, ಹೀಗೆ ಎರಡು ಉಕ್ಕಿನ ನಗರಗಳು.