ಎಡ್ವರ್ಡ್ ಥಾರ್ನ್‌ಡೈಕ್

ಎಡ್ವರ್ಡ್ ಲೀ ಥಾರ್ನ್‌ಡೈಕ್ (ಆಗಸ್ಟ್ 31, 1874 – ಆಗಸ್ಟ್ 9, 1949) ಅಮೆರಿಕದ ಮನೋವಿಜ್ಞಾನಿ ಹಾಗೂ ಶಿಕ್ಷಣತಜ್ಞ. ಪ್ರಯತ್ನ ಮತ್ತು ದೋಷ ಕಲಿಕೆಯ ಸಿದ್ಧಾಂತದಿಂದ ಪ್ರಸಿದ್ಧರಾದ ಇವರು, ಓದಿನ ಗ್ರಹಿಕೆಯನ್ನು ಪರೀಕ್ಷೆಯ ಮೂಲಕ ಅಳೆಯಲು ಯತ್ನಿಸಿದ ಮೊದಲಿಗರಲ್ಲಿ ಒಬ್ಬರು.

ಜೀವನ

ಮ್ಯಾಸಚೂಸೆಟ್ಸ್ ರಾಜ್ಯದ ವಿಲಿಯಮ್ಸ್‌ಬರ್ಗ್‌ನಲ್ಲಿ ಮೆಥಡಿಸ್ಟ್ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. 1895ರಲ್ಲಿ ವೆಸ್ಲಿಯನ್ ವಿಶ್ವವಿದ್ಯಾಲಯದ ಪದವಿ ಪಡೆದು, ಹಾರ್ವರ್ಡ್‌ನಲ್ಲಿ ವಿಲಿಯಂ ಜೇಮ್ಸ್ ಅವರ ಬಳಿ ಅಭ್ಯಾಸ ಮಾಡಿದರು. ಪೆಟ್ಟಿಗೆಯೊಳಗಿಟ್ಟ ಬೆಕ್ಕುಗಳು ಹೊರಬರುವ ದಾರಿಯನ್ನು ಕಲಿಯುವ ಬಗೆಯನ್ನು ಪರಿಶೀಲಿಸಿದ ಪ್ರಬಂಧಕ್ಕೆ 1898ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯವು ಡಾಕ್ಟರೇಟ್ ನೀಡಿತು. ಪರಿಣಾಮ ನಿಯಮಕ್ಕೆ ಈ ಪ್ರಯೋಗಗಳೇ ತಳಹದಿ. 1899ರಲ್ಲಿ ಕೊಲಂಬಿಯದ ಟೀಚರ್ಸ್ ಕಾಲೇಜನ್ನು ಸೇರಿ, ನಿವೃತ್ತಿಯವರೆಗೂ ಅಲ್ಲಿಯೇ ಅಧ್ಯಾಪಕರಾಗಿದ್ದರು.

ಓದಿನ ಕುರಿತ ಸಂಶೋಧನೆ

ಶಾಲೆಗಳಲ್ಲಿ ಗಟ್ಟಿಯಾಗಿ, ತಪ್ಪಿಲ್ಲದೆ ಓದುವುದೇ ಓದಿನ ಅಳತೆಗೋಲಾಗಿದ್ದ ಕಾಲದಲ್ಲಿ, 1917ರಲ್ಲಿ, ಓದನ್ನು ತರ್ಕವೆಂದು ಪರಿಗಣಿಸಿದ ಲೇಖನವೊಂದನ್ನು ಥಾರ್ನ್‌ಡೈಕ್ ಪ್ರಕಟಿಸಿದರು. ಆರನೆಯ ತರಗತಿಯ ಮಕ್ಕಳಿಗೆ ಸಣ್ಣ ಗದ್ಯಖಂಡವೊಂದನ್ನು ಕೊಟ್ಟು ಪ್ರಶ್ನೆಗಳನ್ನು ಕೇಳಲಾಗಿತ್ತು. ಫ್ರಾಂಕ್ಲಿನ್ ಎಂಬ ಊರಿನಲ್ಲಿ 7ರಿಂದ 14 ವರ್ಷದ ಮಕ್ಕಳು ಶಾಲೆಗೆ ಕಡ್ಡಾಯವಾಗಿ ಹಾಜರಾಗಬೇಕೆಂಬ ನಿಯಮ ಮತ್ತು ಅದರ ವಿನಾಯಿತಿಗಳು ಅದರ ವಿಷಯ. ಗದ್ಯಖಂಡ ಯಾವುದನ್ನು ಕುರಿತದ್ದು ಎಂಬ ಪ್ರಶ್ನೆಗೆ ಕೆಲವರು ಫ್ರಾಂಕ್ಲಿನ್ ಎಂದಷ್ಟೇ ಬರೆದಿದ್ದರು.

ಥಾರ್ನ್‌ಡೈಕ್ ಇಂತಹ ಉತ್ತರಗಳನ್ನು ತಪ್ಪೆಂದು ತಳ್ಳಿಹಾಕದೆ, ತಪ್ಪಿನ ಕಾರಣವನ್ನು ಹುಡುಕಿದರು. ಎದ್ದು ಕಾಣುವ ಒಂದು ಪದಕ್ಕೆ ಅತಿಯಾದ ತೂಕ, ಅಗತ್ಯವಾದ ಮತ್ತೊಂದಕ್ಕೆ ಕಡಿಮೆ ತೂಕ, ಮನಸ್ಸಿಗೆ ತೋಚಿದ ಉತ್ತರವನ್ನು ಪಠ್ಯದೊಡನೆ ತಾಳೆ ನೋಡದಿರುವುದು ಇವು ಮುಖ್ಯ ಕಾರಣಗಳೆಂದು ನಿರ್ಧರಿಸಿದರು. ಗಣಿತದ ಲೆಕ್ಕ ಬಿಡಿಸುವವನಂತೆ ಓದುಗನೂ ತಕ್ಕ ಅಂಶಗಳನ್ನು ಆರಿಸಿ, ತೂಗಿ, ಜೋಡಿಸಬೇಕಾಗುತ್ತದೆ ಎಂಬುದು ಅವರ ತೀರ್ಮಾನ. ಮೌನವಾಗಿ ಓದಿ ಪ್ರಶ್ನೆಗಳಿಗೆ ಉತ್ತರಿಸುವ ಅಭ್ಯಾಸವನ್ನು ಅವರು ಶಾಲೆಗಳಿಗೆ ಸೂಚಿಸಿದರು.

2016ರಲ್ಲಿ ಪರಿಷ್ಕೃತವಾದ ಅಮೆರಿಕದ ಎಸ್‌ಎಟಿ ಪರೀಕ್ಷೆಯಲ್ಲಿ, ಹಿಂದಿನ ಪ್ರಶ್ನೆಯ ಉತ್ತರಕ್ಕೆ ಆಧಾರವಾದ ಸಾಲುಗಳನ್ನು ಗುರುತಿಸುವ ಪ್ರಶ್ನೆಗಳು ಸೇರಿದವು. ವಿಷಯಕ್ಕೆ ಸಂಬಂಧಿಸಿದ ಸಾಲು, ಹೇಳಿಕೆಯನ್ನು ಸಮರ್ಥಿಸುವ ಸಾಲು ಇವೆರಡರ ನಡುವಿನ ವ್ಯತ್ಯಾಸವನ್ನು ಇವು ಪರೀಕ್ಷಿಸುತ್ತಿದ್ದವು. ಪ್ರಶ್ನೆಯಲ್ಲಿರುವ ಪದವೇ ಕಂಡಿತೆಂದು ಸಾಲೊಂದನ್ನು ಆರಿಸುವ ವಿದ್ಯಾರ್ಥಿಯ ತಪ್ಪು, ಥಾರ್ನ್‌ಡೈಕ್ ಗುರುತಿಸಿದ ಮೊದಲನೆಯ ತಪ್ಪೇ ಆಗಿದೆ.

ಇತರ ಕೃತಿಗಳು

ಇಂಗ್ಲಿಷಿನಲ್ಲಿ ಹೆಚ್ಚಾಗಿ ಬಳಕೆಯಾಗುವ 10,000 ಪದಗಳ ಪಟ್ಟಿಯನ್ನು ಶಿಕ್ಷಕರಿಗಾಗಿ 1921ರಲ್ಲಿ ಪ್ರಕಟಿಸಿದರು. 1944ರಲ್ಲಿ ಇರ್ವಿಂಗ್ ಲಾರ್ಜ್ ಅವರೊಡನೆ ಅದನ್ನು 30,000 ಪದಗಳಿಗೆ ವಿಸ್ತರಿಸಿದರು.

ವಿಮರ್ಶೆ

ಮನುಷ್ಯರ ಸಾಮರ್ಥ್ಯವನ್ನು ಬಹುಮಟ್ಟಿಗೆ ಆನುವಂಶಿಕತೆಯೇ ನಿರ್ಧರಿಸುತ್ತದೆಂದು ನಂಬಿದ್ದ ಥಾರ್ನ್‌ಡೈಕ್, ಸುಜನನವಾದದ ಬೆಂಬಲಿಗರಾಗಿದ್ದರು. ಜನಾಂಗ ಮತ್ತು ಲಿಂಗದ ಕುರಿತ ಅವರ ಅಭಿಪ್ರಾಯಗಳು ತೀವ್ರ ಖಂಡನೆಗೆ ಒಳಗಾಗಿವೆ. 2020ರಲ್ಲಿ ಟೀಚರ್ಸ್ ಕಾಲೇಜು ತನ್ನ ಕಟ್ಟಡವೊಂದಕ್ಕೆ ಇದ್ದ ಅವರ ಹೆಸರನ್ನು ತೆಗೆದುಹಾಕಿತು.