ತಾಯಿಯ ಮೌನದಲ್ಲಿ ಬೆಳೆದ ದನಿ

ಮಕ್ಕಳಿಗೆ ಸಂಗೀತ ಬರಬೇಕೆಂದರೆ ತರಗತಿಗೆ ಸೇರಿಸಿ ಶುಲ್ಕ ಕಟ್ಟಿದರೆ ಸಾಕೆಂಬ ಭಾವನೆ ಇಂದು ಬೇರೂರಿದೆ. ವಿದ್ಯೆಯ ಮೊದಲ ಪಾಠ ಮನೆಯಲ್ಲೇ ನಡೆಯುತ್ತದೆ, ಅದಕ್ಕೆ ಹಿರಿಯರು ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಡಾ. ಗಂಗೂಬಾಯಿ ಹಾನಗಲ್ಲರ ಬದುಕೇ ಸಾಕ್ಷಿ.

1913ರ ಮಾರ್ಚ್ 5ರಂದು ಧಾರವಾಡದಲ್ಲಿ ಜನಿಸಿದ ಗಂಗೂಬಾಯಿಯವರ ಬಾಲ್ಯ ಕಳೆದದ್ದು ಶುಕ್ರವಾರಪೇಟೆಯಲ್ಲಿ. ತಂದೆ ಚಿಕ್ಕೂರಾವ್ ನಾಡಿಗೇರ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ನುರಿತವರು; ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಧಾರವಾಡಕ್ಕೆ ಬಂದಾಗ ಅವರ ಗಾಯನವನ್ನು ಆಸಕ್ತಿಯಿಂದ ಕೇಳುತ್ತಿದ್ದರು. ಹಾಡುವ ಹೆಣ್ಣನ್ನು ಸಭೆಯಲ್ಲಿ ಮೆಚ್ಚಿ ಬೀದಿಯಲ್ಲಿ ಹೀಯಾಳಿಸುತ್ತಿದ್ದ ಕಾಲವದು. ಅಂಥ ಕಾಲದಲ್ಲೂ ಆ ಮನೆಯಲ್ಲಿ ಸ್ವರ ನಿಲ್ಲಲಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಹಾಡಿದಾಗ ಬಾಲಕಿಗೆ ಇನ್ನೂ 11 ವರ್ಷ.

ಆದರೆ ಮಗಳ ಕಿವಿ ಹಿಂದೂಸ್ತಾನಿಯತ್ತ ವಾಲಿತ್ತು. ಬೀದಿಯಲ್ಲಿ ಗ್ರಾಮೊಫೋನ್ ದನಿ ಕೇಳಿದರೆ ಸಾಕು, ಹೊರಗೆ ಓಡುತ್ತಿದ್ದಳು. ಒಂದು ಪದ್ಧತಿಯಲ್ಲಿ ಸ್ವರಕ್ಕೆ ಗಮಕವೇ ಜೀವಾಳ. ಇನ್ನೊಂದರಲ್ಲಿ, ಅದರಲ್ಲೂ ಕಿರಾಣಾ ಗಾಯಕಿಯಲ್ಲಿ, ಒಂದೊಂದೇ ಸ್ವರದ ಮೇಲೆ ನಿಂತು ರಾಗವನ್ನು ನಿಧಾನವಾಗಿ ಅರಳಿಸಬೇಕು. ಬೆಳಗಿನಿಂದ ರಾತ್ರಿಯವರೆಗೆ ತಾಯಿಯ ಹಾಡು ಕಿವಿಗೆ ಬೀಳುತ್ತಿದ್ದರೆ ಮಗುವಿಗೆ ಎರಡೂ ಕಲಸುಮೇಲೋಗರವಾದೀತು. ಇದನ್ನು ಅರಿತ ಅಂಬಾಬಾಯಿ ತಮ್ಮ ಹಾಡುಗಾರಿಕೆಯನ್ನೇ ನಿಲ್ಲಿಸಿದರು. ಕಲಾವಿದೆಯೊಬ್ಬಳಿಗೆ ಇದಕ್ಕಿಂತ ದೊಡ್ಡ ತ್ಯಾಗ ಯಾವುದಿದ್ದೀತು?

ಮಗಳ ಶಿಕ್ಷಣಕ್ಕಾಗಿ 1928ರಲ್ಲಿ ಕುಟುಂಬ ಹುಬ್ಬಳ್ಳಿಗೆ ಬಂದಿತು. ಕೃಷ್ಣಾಚಾರ್ಯರಲ್ಲಿ, ಬಳಿಕ ದತ್ತೋಪಂತ ದೇಸಾಯಿಯವರಲ್ಲಿ ಪಾಠಗಳಾದವು. 1932ರಲ್ಲಿ ಅಂಬಾಬಾಯಿ ತೀರಿಕೊಂಡರು. ತಂದೆಯೂ ಹೆಚ್ಚು ಕಾಲ ಉಳಿಯಲಿಲ್ಲ. ಮುಂದೆ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ದೀರ್ಘಕಾಲ ಅಭ್ಯಾಸ ಮಾಡಿದರು. ತಾನು ಮೌನವಾಗಿ ಉಳಿಸಿಕೊಟ್ಟ ಅವಕಾಶದಲ್ಲಿ ಮಗಳ ದನಿ ಎಷ್ಟು ಎತ್ತರಕ್ಕೇರಿತೆಂಬುದನ್ನು ಕೇಳುವ ಭಾಗ್ಯ ಆ ತಾಯಿಗಿರಲಿಲ್ಲ.

ಪದ್ಮಭೂಷಣ 1971ರಲ್ಲಿ, ಪದ್ಮವಿಭೂಷಣ 2002ರಲ್ಲಿ ಬಂದವು. ಪ್ರಶಸ್ತಿಗಳಿಗಿಂತ ಮಿಗಿಲಾದುದು ಮನೆಯಲ್ಲಿ ಮುಂದುವರಿದ ಪಾಠ. ಮಗಳು ಕೃಷ್ಣಾ ತಾಯಿಯ ಬಳಿಯೇ ಕಲಿತು ದಶಕಗಳ ಕಾಲ ಕಛೇರಿಗಳಲ್ಲಿ ಅವರ ಪಕ್ಕ ಕುಳಿತು ದನಿಗೂಡಿಸಿದರು. ಅಂಬಾಬಾಯಿಯವರ ಕಾಲದಲ್ಲಿ ಮಗಳಿಗೆ ತಾಯಿಯ ಮೌನ ಬೇಕಿತ್ತು. ಮುಂದಿನ ತಲೆಮಾರಿನಲ್ಲಿ ತಾಯಿಯ ದನಿಯೇ ಪಾಠವಾಯಿತು. 2004ರಲ್ಲಿ ಕೃಷ್ಣಾ ಅಗಲಿದಾಗ ಗಂಗೂಬಾಯಿಯವರಿಗೆ 91 ವರ್ಷ. 2009ರ ಜುಲೈ 21ರಂದು ಅವರೂ ಹುಬ್ಬಳ್ಳಿಯಲ್ಲಿ ಕಣ್ಮುಚ್ಚಿದರು.

ಅವರ ಹೆಸರಿನಲ್ಲಿ ಇಂದು ಮೈಸೂರಿನಲ್ಲಿ ವಿಶ್ವವಿದ್ಯಾಲಯವಿದೆ, ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಗುರುಕುಲವಿದೆ. ಅವು ಬೇಕು. ಆದರೆ ಅಲ್ಲಿಗೆ ಹೋಗುವ ಮುನ್ನವೇ ಮಗುವಿನ ಕಿವಿ ಸಿದ್ಧವಾಗಿರಬೇಕು. ತಂಬೂರಿಯ ಶ್ರುತಿಗೆ ಮಗುವಿನೊಡನೆ ದಿನಕ್ಕೊಮ್ಮೆ ದನಿ ಸೇರಿಸುವುದು, ಕೈಯಲ್ಲಿ ತಾಳ ಹಾಕುವುದು ಯಾವ ತಂದೆತಾಯಿಗೂ ಅಸಾಧ್ಯವಲ್ಲ. ನಮಗೆ ತಿಳಿದುದನ್ನೆಲ್ಲ ಮಗುವಿನ ತಲೆಗೆ ತುಂಬುವುದಷ್ಟೇ ಕಲಿಕೆಯಲ್ಲ. ಅದರ ಒಲವು ಎತ್ತ ಹರಿಯುತ್ತಿದೆಯೆಂದು ಗಮನಿಸಿ, ಬೇಕಾದಾಗ ಜೊತೆಗೆ ಹಾಡಿ, ಬೇಕಾದಾಗ ಸುಮ್ಮನಿರುವುದು ಕಠಿಣ. ಅಂಬಾಬಾಯಿ ಮಾಡಿದ್ದು ಆ ಕಠಿಣ ಕೆಲಸವನ್ನು.